ನೋಡ್ ಲೈಸೆನ್ಸ್ ಕೊಂಡರೆ ಕೈಗೆ ಬರುವುದೇನು?

ರಾತ್ರಿಯೆಲ್ಲ ನಿಮ್ಮ ಮನೆಯ ಇಂಟರ್ನೆಟ್ ಸುಮ್ನೆ ಬಿದ್ದಿರುತ್ತದೆ, ಅದನ್ನು ನಮಗೆ ಕೊಡಿ, ಬದಲಿಗೆ ಟೋಕನ್, ಅಂದರೆ ನಮ್ಮದೇ ಡಿಜಿಟಲ್ ನಾಣ್ಯ, ತಗೊಳ್ಳಿ. ವಿಕೇಂದ್ರೀಕೃತ ಸ್ಟ್ರೀಮಿಂಗ್ ನೆಟ್‌ವರ್ಕ್‌ಗಳು ಹೇಳುವುದು ಹೆಚ್ಚುಕಡಿಮೆ ಇಷ್ಟೇ. ಕೇಳೋಕೆ ಚೆನ್ನಾಗಿದೆ. ಕೆಲವು ಕಡೆ ಇದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: ಅದಕ್ಕೆ ಮೊದಲು ನೋಡ್ ಲೈಸೆನ್ಸ್, ಅಂದರೆ ನಿಮ್ಮ ಕಂಪ್ಯೂಟರನ್ನು ಆ ನೆಟ್‌ವರ್ಕಿನ ಒಂದು ಕೊಂಡಿಯಾಗಿ (ನೋಡ್) ನಡೆಸುವ ಪರವಾನಗಿ, ಕೊಳ್ಳಬೇಕು. ಇಂಟರ್ನೆಟ್ ನನ್ನದು, ಕರೆಂಟು ನನ್ನದು, ಕಂಪ್ಯೂಟರ್ ನನ್ನದು, ಮೇಲಿಂದ ಕೆಲಸ ಮಾಡೋಕೆ ನಾನೇ ದುಡ್ಡು ಕೊಡಬೇಕಾ? ಉತ್ತರ ಅರ್ಧ ವಿಜ್ಞಾನದಲ್ಲಿದೆ, ಅರ್ಧ ವ್ಯಾಪಾರದಲ್ಲಿದೆ. ಎರಡನ್ನೂ ಬಿಡಿಸಿ ನೋಡೋಣ.

ಮೊದಲು ವಿಡಿಯೋ ಎಷ್ಟು ಭಾರ ಅಂತ ಲೆಕ್ಕ ಹಾಕೋಣ. ಒಂದು ಎಚ್‌ಡಿ ವಿಡಿಯೋ ಸೆಕೆಂಡಿಗೆ 5 ಮೆಗಾಬಿಟ್ ಹರಿಯುತ್ತದೆ ಅಂದುಕೊಳ್ಳಿ. ಒಂದು ಗಂಟೆಗೆ 2.25 ಜಿಬಿ. 10,000 ಜನ ಒಟ್ಟಿಗೆ ಕೂತು ನೋಡಿದರೆ ಕಳಿಸುವ ಕಡೆಯಿಂದ ಸೆಕೆಂಡಿಗೆ 50 ಗಿಗಾಬಿಟ್ ಹೊರಗೆ ಹೋಗಬೇಕು. ಒಂದೇ ಸರ್ವರ್ ಇಟ್ಟುಕೊಂಡು ಇದನ್ನು ನಿಭಾಯಿಸೋದು ಕಷ್ಟ. ಅದಕ್ಕೇ 1998ರಲ್ಲಿ ಶುರುವಾದ ಅಕಮೈನಂಥ ಕಂಪನಿಗಳು ಜಗತ್ತಿನ ತುಂಬ ಸರ್ವರ್ ಇಟ್ಟು, ನೋಡುವವರ ಹತ್ತಿರದಿಂದಲೇ ಹಂಚುವ ವ್ಯವಸ್ಥೆ ಕಟ್ಟಿದವು. ನೆಟ್‌ಫ್ಲಿಕ್ಸ್ 2012ರಿಂದ ತನ್ನದೇ ಪೆಟ್ಟಿಗೆಗಳನ್ನು ಇಂಟರ್ನೆಟ್ ಕಂಪನಿಗಳ ಒಳಗೇ ಇಡಿಸುತ್ತಿದೆ.

ಇನ್ನೊಂದು ದಾರಿಯೂ ಇದೆ. ನೋಡುವವರೇ ಪಕ್ಕದವರಿಗೆ ಹಂಚಲಿ. 2001ರಲ್ಲಿ ಬಂದ ಬಿಟ್‌ಟೊರೆಂಟ್ ಮಾಡಿ ತೋರಿಸಿದ್ದು ಇದನ್ನೇ: ಫೈಲನ್ನು ಚೂರು ಮಾಡಿ, ಯಾರ ಹತ್ತಿರ ಯಾವ ಚೂರಿದೆಯೋ ಅವರಿಂದ ಅದನ್ನು ತರಿಸಿಕೊಳ್ಳುವುದು. ಆದರೆ ಫೈಲ್ ಇಳಿಸುವಾಗ ಯಾವ ಚೂರು ಮೊದಲು ಬಂದರೂ ನಡೆಯುತ್ತದೆ, ವಿಡಿಯೋ ನೋಡುವಾಗ ಮಾತ್ರ ಮುಂದಿನ ನಾಲ್ಕು ಸೆಕೆಂಡಿನ ಚೂರು ಈಗಲೇ ಬೇಕು, ಐದು ಸೆಕೆಂಡ್ ತಡವಾಗಿ ಬಂದರೆ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಅಂದರೆ ಬೇಕಾದ ಚೂರು ಆಗಲೇ ಪಕ್ಕದವರ ಹತ್ತಿರ ಇರಬೇಕು. ಹಾಗಾಗಿ ಲೈವ್ ಪ್ರಸಾರಕ್ಕೆ ಈ ಉಪಾಯ ಚೆನ್ನಾಗಿ ಹೊಂದುತ್ತದೆ, ಎಲ್ಲರೂ ಅದೇ ಕ್ಷಣವನ್ನೇ ನೋಡುತ್ತಿರುತ್ತಾರಲ್ವಾ. ಯಾರೂ ಕೇಳದ ಹಳೇ ಸಿನಿಮಾ ಹಾಕಿದರೆ ಪಕ್ಕದವರ ಹತ್ತಿರ ಅದರ ಚೂರೇ ಇರುವುದಿಲ್ಲ.

ಇಲ್ಲಿಗೆ ಟೋಕನ್ ಸೇರಿಸಿದರೆ ಇವತ್ತಿನ ನೆಟ್‌ವರ್ಕ್‌ಗಳು. ಥೀಟಾ ಅನ್ನುವ ವಿಡಿಯೋ ನೆಟ್‌ವರ್ಕ್ 2019ರಲ್ಲಿ ತನ್ನ ಬ್ಲಾಕ್‌ಚೈನ್ (ಬಹಳ ಕಂಪ್ಯೂಟರ್‌ಗಳು ಹಂಚಿಕೊಂಡು ಇಡುವ ಲೆಕ್ಕದ ಪುಸ್ತಕ) ಶುರು ಮಾಡಿ, ಬ್ಯಾಂಡ್‌ವಿಡ್ತ್, ಅಂದರೆ ತಮ್ಮ ಇಂಟರ್ನೆಟ್ಟಿನ ಸಾಮರ್ಥ್ಯ, ಹಂಚಿದವರಿಗೆ ಟಿಫ್ಯುಯೆಲ್ ಅನ್ನುವ ಟೋಕನ್ ಕೊಡುವ ದಾರಿ ಹಿಡಿಯಿತು. ಲೈವ್‌ಪಿಯರ್ ಅನ್ನುವ ಇನ್ನೊಂದು ನೆಟ್‌ವರ್ಕಿನ ಕೆಲಸ ಬೇರೆ. ಒಂದೇ ವಿಡಿಯೋವನ್ನು ದೊಡ್ಡ ಪರದೆಗೆ, ಮೊಬೈಲಿಗೆ, ನಿಧಾನದ ಇಂಟರ್ನೆಟ್ಟಿಗೆ ಅಂತ ಬೇರೆ ಬೇರೆ ಗಾತ್ರಕ್ಕೆ ಬದಲಾಯಿಸಬೇಕು, ಅದನ್ನು ಟ್ರಾನ್ಸ್‌ಕೋಡಿಂಗ್ ಅನ್ನುತ್ತಾರೆ. ಅಲ್ಲಿ ಬೇಕಾಗೋದು ಒಳ್ಳೆ ಗ್ರಾಫಿಕ್ಸ್ ಕಾರ್ಡು.

ಸರಿ, ಲೈಸೆನ್ಸ್ ಯಾಕೆ? ಒಂದು ಕಳ್ಳತನ ಊಹಿಸಿ. ನೆಟ್‌ವರ್ಕ್ ಪ್ರತಿ ನೋಡ್‌ಗೆ ದಿನಕ್ಕೆ ಇಷ್ಟು ಟೋಕನ್ ಅಂತ ಕೊಡುತ್ತದೆ. ನಾನು ಒಂದೇ ಕಂಪ್ಯೂಟರಿನಲ್ಲಿ ಸಾವಿರ ಸುಳ್ಳು ನೋಡ್ ಹುಟ್ಟಿಸಿ ಸಾವಿರ ಪಾಲು ತೆಗೆದುಕೊಳ್ಳುತ್ತೇನೆ. ತಡೆಯೋದು ಹೇಗೆ? ಮೈಕ್ರೋಸಾಫ್ಟ್ ರಿಸರ್ಚ್‌ನ ಜಾನ್ ಡೌಸರ್ 2002ರಲ್ಲಿ ಈ ಮೋಸದ ಬಗ್ಗೆ ಬರೆದ ಪ್ರಬಂಧದಿಂದ ಇದಕ್ಕೆ ಸಿಬಿಲ್ ದಾಳಿ ಅನ್ನುವ ಹೆಸರು ನಿಂತಿತು. ನಂಬಿಕಸ್ಥವಾದ ಒಂದು ಕಚೇರಿ ಮಧ್ಯೆ ಕೂತು ಗುರುತಿನ ಚೀಟಿ ಕೊಡದಿದ್ದರೆ ಇದನ್ನು ಪೂರ್ತಿ ತಡೆಯೋದು ಹೆಚ್ಚುಕಡಿಮೆ ಆಗದ ಮಾತು ಅಂತ ಆತ ತೋರಿಸಿದ. ವಿಕೇಂದ್ರೀಕೃತ ಅಂದಮೇಲೆ ಅಂಥ ಕಚೇರಿ ಇರಬಾರದು. ಉಳಿಯೋದು ಒಂದೇ, ಪ್ರತಿ ಗುರುತಿಗೂ ಖರ್ಚು ತಗಲುವಂತೆ ಮಾಡುವುದು. ಬಿಟ್‌ಕಾಯಿನ್‌ನಲ್ಲಿ ಆ ಖರ್ಚು ಕರೆಂಟು. ಬೇರೆ ಕೆಲವು ಕಡೆ ಅದು ಟೋಕನ್ ಒತ್ತೆ ಇಡುವುದು, ಅಂದರೆ ಸ್ಟೇಕಿಂಗ್. ಮೂರನೆಯದು ಲೈಸೆನ್ಸ್.

ಒತ್ತೆ ಮತ್ತು ಲೈಸೆನ್ಸ್, ಈ ಎರಡರ ನಡುವಿನ ವ್ಯತ್ಯಾಸವನ್ನು ಜನ ಗಮನಿಸೋದೇ ಇಲ್ಲ. ಥೀಟಾದಲ್ಲಿ ಬ್ಲಾಕ್‌ಚೈನಿನ ಲೆಕ್ಕ ಕಾಯುವ ಗಾರ್ಡಿಯನ್ ನೋಡ್‌ಗೆ ಕನಿಷ್ಠ 1,000 ಥೀಟಾ ಟೋಕನ್ ಒತ್ತೆ ಇಡಬೇಕು. ಸಾಕಾಯ್ತು ಅಂದಾಗ ಟೋಕನ್ ವಾಪಸ್ ಬರುತ್ತದೆ, ಬೆಲೆ ಬಿದ್ದಿದ್ದರೆ ಅದು ಬೇರೆ ವಿಷಯ. ಲೈಸೆನ್ಸಿಗೆ ಕೊಟ್ಟ ದುಡ್ಡು ಹಾಗಲ್ಲ, ಅದು ಹೋಯಿತು. ನಿಮ್ಮ ವಾಲೆಟ್ಟಿನಲ್ಲಿ ಒಂದು ಡಿಜಿಟಲ್ ಚೀಟಿ ಉಳಿಯುತ್ತದೆ, ಅದನ್ನು ಮಾರಬಹುದೋ ಇಲ್ಲವೋ ಅನ್ನುವುದು ಆಯಾ ನೆಟ್‌ವರ್ಕಿನ ಷರತ್ತಿನ ಮೇಲೆ. ಆಟಗಳ ನೆಟ್‌ವರ್ಕ್ ಆದ ಗಾಲಾ ತನ್ನ ಫೌಂಡರ್ಸ್ ನೋಡ್‌ಗಳಿಗೆ 50,000ದ ಮಿತಿ ಇಟ್ಟಿತ್ತು, ಮಾರಾಟ ಮುಂದುವರಿದ ಹಾಗೆ ಬೆಲೆಯೂ ಏರುತ್ತಿತ್ತು. ಎಷ್ಟೋ ಸಲ ನೆಟ್‌ವರ್ಕ್ ಪೂರ್ತಿ ಕೆಲಸ ಶುರು ಮಾಡುವ ಮೊದಲೇ ಲೈಸೆನ್ಸ್ ಮಾರಾಟ ಆಗಿರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ. ನೇರವಾಗಿ ಹೇಳಬೇಕೆಂದರೆ ಇದು ಬಂಡವಾಳ ಎತ್ತುವ ದಾರಿ ಕೂಡ ಹೌದು, ಬರೀ ಸಿಬಿಲ್ ದಾಳಿಗೆ ಹೆದರಿ ಮಾಡಿದ್ದಲ್ಲ.

ಇನ್ನು ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನ್ನಿಸಿದ ವಿಷಯ. ನಾನು ನಿಮಗೆ 2 ಜಿಬಿ ವಿಡಿಯೋ ಕಳಿಸಿದೆ ಅಂತ ಮೂರನೆಯವರಿಗೆ ಸಾಬೀತು ಮಾಡೋದು ಹೇಗೆ? ಕರೆಂಟು ಸುಟ್ಟು ಲೆಕ್ಕ ಬಿಡಿಸುವ ಬಿಟ್‌ಕಾಯಿನ್ ಗಣಿಗಾರನ ಉತ್ತರ ಸರಿಯಿದೆಯೇ ಅಂತ ಯಾರು ಬೇಕಾದರೂ ಕ್ಷಣದಲ್ಲಿ ಪರೀಕ್ಷಿಸಬಹುದು. ತಂತಿಯಲ್ಲಿ ಹರಿದು ಹೋದ ಬಿಟ್ಟುಗಳು ಹಾಗಲ್ಲ, ಹಿಂದೆ ಗುರುತು ಉಳಿಯುವುದಿಲ್ಲ. ನೋಡಿದವರಿಂದ ರಸೀದಿ ತಗೊಳ್ಳಬಹುದು, ಆದರೆ ನೋಡಿದವನೂ ನಾನೇ ಆಗಿದ್ದರೆ? ಅಂಗಡಿಯವನೇ ಗಿರಾಕಿ ವೇಷ ಹಾಕಿ ತನ್ನ ಅಂಗಡಿಯಲ್ಲೇ ಕೊಂಡ ಹಾಗೆ. ಕೂಲಿ ಗಿರಾಕಿಯ ಜೇಬಿನಿಂದಲೇ ಬರಬೇಕಿದ್ದರೆ ಈ ಆಟದಲ್ಲಿ ಲಾಭವಿಲ್ಲ, ನನ್ನ ದುಡ್ಡು ನನ್ನ ಜೇಬಿಗೇ ಬರುತ್ತದೆ ಅಷ್ಟೇ. ನೆಟ್‌ವರ್ಕ್ ಹೊಸ ಟೋಕನ್ ಅಚ್ಚು ಹಾಕಿ ಬಹುಮಾನ ಕೊಡುತ್ತಿದ್ದರೆ ಮಾತ್ರ ಲಾಭ. ವೈರ್‌ಲೆಸ್ ಜಾಲ ಕಟ್ಟಿದ ಹೀಲಿಯಂನಲ್ಲಿ ಹೀಗೇ ಆಗಿತ್ತು, ಒಂದೇ ಕೋಣೆಯಲ್ಲಿ ಯಂತ್ರಗಳನ್ನಿಟ್ಟು ಬೇರೆ ಬೇರೆ ಜಾಗದಲ್ಲಿವೆ ಅಂತ ಸುಳ್ಳು ಹೇಳಿ ಟೋಕನ್ ಬಾಚಿದವರಿದ್ದರು.

ಪಾವತಿಯದು ಇನ್ನೊಂದು ತಲೆನೋವು. ಒಂದು ಚೂರು ವಿಡಿಯೋಗೆ ಸಿಗುವ ಕೂಲಿ ಎಷ್ಟು ಸಣ್ಣದೆಂದರೆ, ಅದನ್ನು ಬ್ಲಾಕ್‌ಚೈನಿನಲ್ಲಿ ಕಳಿಸುವ ಶುಲ್ಕವೇ ಕೂಲಿಗಿಂತ ಜಾಸ್ತಿ. ಇದಕ್ಕೆ ಒಂದು ಚಂದದ ಪರಿಹಾರವನ್ನು ಗೂಢಲಿಪಿ ತಜ್ಞ ರಾನ್ ರಿವೆಸ್ಟ್ 1997ರಲ್ಲಿ ಬರೆದಿದ್ದರು: ಒಂದು ಪೈಸೆ ಕೊಡುವ ಬದಲು, ಸಾವಿರದಲ್ಲಿ ಒಂದು ಸಲ ಸಾವಿರ ಪೈಸೆ ಗೆಲ್ಲುವ ಲಾಟರಿ ಚೀಟಿ ಕೊಡಿ. ಕೆಲಸ ಮಾಡಿದವನಿಗೆ ಸರಾಸರಿ ಅಷ್ಟೇ ಸಿಗುತ್ತದೆ, ಗೆದ್ದ ಚೀಟಿಯನ್ನಷ್ಟೇ ಬ್ಲಾಕ್‌ಚೈನಿಗೆ ಒಯ್ದರೆ ಸಾಕು. ಲೈವ್‌ಪಿಯರ್ ಇದನ್ನೇ ಬಳಸುತ್ತದೆ. ಇದರಿಂದ ನೋಡ್ ನಡೆಸುವವರು ಬಹಳ ದಿನ ದುಡಿದರೂ ಸೊನ್ನೆ ಕಂಡು, ಆಮೇಲೆ ಒಮ್ಮೆಲೇ ಹಣ ಬರೋದೂ ಇದೆ. ಯಂತ್ರ ಕೆಟ್ಟಿದೆ ಅಂತ ಗಾಬರಿಯಾಗಬೇಕಿಲ್ಲ, ಅದು ಗಣಿತ.

ಈಗ ಮನೆಯಲ್ಲಿ ನಡೆಸೋದು. ಇಂಟರ್ನೆಟ್ ಕಂಪನಿ ಹೇಳುವ ವೇಗ ಸಾಮಾನ್ಯವಾಗಿ ಡೌನ್‌ಲೋಡ್‌ನದು. ನೋಡ್‌ಗೆ ಬೇಕಾದ್ದು ಅಪ್‌ಲೋಡ್, ಎಷ್ಟೋ ಮನೆ ಸಂಪರ್ಕಗಳಲ್ಲಿ ಅದು ಇದಕ್ಕಿಂತ ಎಷ್ಟೋ ಕಡಿಮೆ. ಒಬ್ಬನೇ ಒಬ್ಬ ವೀಕ್ಷಕನಿಗೆ 5 ಮೆಗಾಬಿಟ್‌ನಂತೆ ದಿನವಿಡೀ ಕಳಿಸಿದರೆ ದಿನಕ್ಕೆ 54 ಜಿಬಿ, 30 ದಿನಕ್ಕೆ 1,620 ಜಿಬಿ ಆಗುತ್ತದೆ. ನಿಮ್ಮ ಪ್ಲ್ಯಾನಿನಲ್ಲಿ ತಿಂಗಳ ಮಿತಿ ಇದ್ದರೆ ಅದು ಇಲ್ಲೇ ಮುಗಿದರೂ ಮುಗಿಯಬಹುದು. ಜೊತೆಗೆ, ಇಂಟರ್ನೆಟ್ಟಿನ ಹಳೇ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ವಿಳಾಸಗಳು ಒಟ್ಟು 430 ಕೋಟಿಯ ಹತ್ತಿರ ಮಾತ್ರ ಇರುವುದರಿಂದ ಎಷ್ಟೋ ಕಂಪನಿಗಳು ಬಹಳ ಮನೆಗಳಿಗೆ ಸೇರಿಸಿ ಒಂದೇ ವಿಳಾಸ ಕೊಡುತ್ತವೆ. ಆಗ ನೀವು ಹೊರಗೆ ಹೋಗಬಹುದು, ಹೊರಗಿನವರು ನೇರವಾಗಿ ನಿಮ್ಮ ನೋಡ್ ತಲುಪಲಾರರು, ಮಧ್ಯೆ ಇನ್ನೊಂದು ಸರ್ವರ್ ಬೇಕಾಗುತ್ತದೆ. ಕರೆಂಟಿನ ಲೆಕ್ಕ ಸುಲಭ. 100 ವಾಟ್ ತಿನ್ನುವ ಕಂಪ್ಯೂಟರ್ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಅದೇ ಕೆಲಸಕ್ಕೆ 10 ವಾಟ್‌ನ ಪುಟ್ಟ ಪೆಟ್ಟಿಗೆ ಸಾಕಾದರೆ 7.2.

ಇಷ್ಟೆಲ್ಲ ರಗಳೆ ಬೇಡ ಅಂತ ಬಹಳ ಜನ ನೋಡ್ ನಡೆಸಿಕೊಡುವ ಬಾಡಿಗೆ ಸೇವೆಗೆ ಕೊಟ್ಟುಬಿಡುತ್ತಾರೆ. ಆ ಸೇವೆಯವರು ಸಾಲು ಸಾಲು ಲೈಸೆನ್ಸ್‌ಗಳನ್ನು ಕ್ಲೌಡ್ ಸರ್ವರ್‌ಗಳ ಮೇಲೆ ಓಡಿಸುತ್ತಾರೆ. ದೊಡ್ಡ ಡೇಟಾ ಸೆಂಟರ್‌ಗಳಿಂದ ಬಿಡುಗಡೆ ಅಂತ ಹೊರಟ ನೆಟ್‌ವರ್ಕು ತಿರುಗಿ ಅಲ್ಲಿಗೇ ಬಂದು ಕೂತಿತಲ್ಲ ಅಂತ ನಗು ಬರುತ್ತದೆ. ಲೈಸೆನ್ಸ್ ಎಣಿಸುವುದು ದುಡ್ಡು ಕೊಟ್ಟ ಕೈಗಳನ್ನು, ಬೇರೆ ಬೇರೆ ಜಾಗದಲ್ಲಿರುವ ಯಂತ್ರಗಳನ್ನಲ್ಲ.

ಗಳಿಕೆಯ ಲೆಕ್ಕವೂ ಹೀಗೇ. ಮೇಲೆ ಹೇಳಿದ ಗಾಲಾದಲ್ಲಿ ದಿನದ ಪಾಲು ಸಿಗಲು ನೋಡ್ 6 ಗಂಟೆ ಚಾಲೂ ಇದ್ದರೆ ಸಾಕು ಅನ್ನುವ ನಿಯಮವಿತ್ತು. ಅಂದರೆ ಹಾಜರಿಗೆ ಕೂಲಿ. ಉದಾಹರಣೆಗೆ ದಿನಕ್ಕೆ 10,000 ಟೋಕನ್ ಹಂಚುವ ಒಂದು ನೆಟ್‌ವರ್ಕ್ ತಗೊಳ್ಳಿ. 1,000 ನೋಡ್ ಇದ್ದಾಗ ತಲೆಗೆ 10 ಬರುತ್ತದೆ, 50,000 ಆದಾಗ 0.2. ತಡವಾಗಿ ಬಂದವರು ಲೈಸೆನ್ಸಿಗೆ ಜಾಸ್ತಿ ಕೊಟ್ಟಿರುತ್ತಾರೆ, ಅವರ ಕೈಗೆ ಬರೋದು ಮಾತ್ರ ಈ ಸವೆದ ಪಾಲು. ಮಾರುವವರು ತೋರಿಸುವ ಪಟ್ಟಿಯಲ್ಲಿ ಎಷ್ಟು ನೋಡ್ ಅಂತ ಇಟ್ಟುಕೊಂಡು ಲೆಕ್ಕ ಹಾಕಿದ್ದಾರೆ ಅನ್ನುವುದನ್ನು ಮೊದಲು ನೋಡಿ.

ಈಗಾಗಲೇ ನೋಡ್ ಇರುವವರು ಒಂದು ಕೆಲಸ ಮಾಡಬಹುದು. ರೂಟರ್ ತೆರೆದು ಒಂದು ವಾರದ ಅಪ್‌ಲೋಡ್ ಲೆಕ್ಕ ತೆಗೆಯಿರಿ. ಅದೇ ವಾರ ಬಂದ ಟೋಕನ್ ಎಷ್ಟು ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ನಿಮ್ಮ ನೋಡ್ ಬ್ಯಾಂಡ್‌ವಿಡ್ತ್ ಹಂಚುವ ಜಾತಿಯದಾಗಿದ್ದು, ಅಪ್‌ಲೋಡ್ ಹೆಚ್ಚುಕಡಿಮೆ ಸೊನ್ನೆ ಇದ್ದರೂ ಟೋಕನ್ ಮಾತ್ರ ಪ್ರತಿದಿನ ಒಂದೇ ಅಳತೆಯಲ್ಲಿ ಬರುತ್ತಿದ್ದರೆ, ಆ ದುಡ್ಡು ವಿಡಿಯೋ ನೋಡುವವರಿಂದ ಬರುತ್ತಿಲ್ಲ.