ಬಿಸಿಯಾದಾಗ ಮಾತ್ರ ಬಂದ್ ಬೀಳುವ ಹಳೇ ಕಾರು: ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ನನ್ನದು 1997ರ ಮಾರುತಿ 800. ಸಿಂಧನೂರಿನಿಂದ ರಾಯಚೂರಿಗೆ ಹೊರಟರೆ ಮಾನ್ವಿ ಹತ್ತಿರ ಬರುವಷ್ಟರಲ್ಲಿ ಬಂದ್ ಬೀಳುತ್ತೆ. ಅರ್ಧ ಗಂಟೆ ಬಿಟ್ಟರೆ ತಾನಾಗಿಯೇ ಸ್ಟಾರ್ಟ್ ಆಗುತ್ತೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಚೆನ್ನಾಗಿ ಓಡುತ್ತೆ. ಕಾರ್ಬ್ಯುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ತೊಳೆಸಿದ್ದಾಯ್ತು, ಪ್ಲಗ್ ಬದಲಿಸಿದ್ದಾಯ್ತು. ಇನ್ನೇನು ಮಾಡಲಿ?

ಉತ್ತರ: ಇನ್ನು ಯಾವ ಸಾಮಾನನ್ನೂ ಬದಲಿಸಬೇಡಿ. ಗಾಡಿ ನಿಂತ ಮೊದಲ ಹತ್ತು ನಿಮಿಷದಲ್ಲೇ ಇದರ ಉತ್ತರ ಸಿಗಬೇಕು. ತಣ್ಣಗಾದ ಮೇಲೆ ಎಷ್ಟೇ ಜಾಣ ಮಿಸ್ತ್ರಿಯಾದರೂ ಹುಡುಕೋದು ಕಷ್ಟ, ಯಾಕಂದ್ರೆ ಆಗ ಗಾಡಿಯಲ್ಲಿ ದೋಷವೇ ಕಾಣೋದಿಲ್ಲ.

ನಿಂತ ಕೂಡಲೇ ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿ. ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿದ್ದರೆ ಇದು ಬೇರೆಯೇ ಕಥೆ: ನೀರು, ಫ್ಯಾನ್, ಥರ್ಮೋಸ್ಟಾಟ್ ನೋಡಿಸಬೇಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ. ಮುಳ್ಳು ಮಧ್ಯದಲ್ಲೇ ಇದ್ದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಗಾಳಿ ಒಳಗೆ ಎಳೆದುಕೊಂಡ ಸದ್ದು ಜೋರಾಗಿ ಬಂದು, ಆಮೇಲೆ ಗಾಡಿ ಸ್ಟಾರ್ಟ್ ಆದರೆ, ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ ಎಂದರ್ಥ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಇದನ್ನು ನೋಡುವವರು ಕಡಿಮೆ.

ಉಳಿದಿದ್ದು ಎರಡೇ: ಕರೆಂಟ್ ಬರ್ತಿಲ್ಲ, ಇಲ್ಲವೇ ಪೆಟ್ರೋಲ್ ಬರ್ತಿಲ್ಲ. ನಿಂತ ರೀತಿಯೇ ಅರ್ಧ ಹೇಳಿಬಿಡುತ್ತೆ. ಚಾವಿ ತಿರುಗಿಸಿ ಆಫ್ ಮಾಡಿದ ಹಾಗೆ ಒಮ್ಮೆಗೇ ಸತ್ತರೆ ಕರೆಂಟಿನ ಮೇಲೆ ಅನುಮಾನ. ಜಗ್ಗಿ ಜಗ್ಗಿ, ಎಳೆತ ಕಳೆದುಕೊಂಡು ನಿಂತರೆ ಪೆಟ್ರೋಲಿನ ಮೇಲೆ.

ಡಿಕ್ಕಿಯಲ್ಲಿ ಒಂದು ಹಳೇ ಪ್ಲಗ್ ಇಟ್ಟುಕೊಳ್ಳಿ. ಒಂದು ಪ್ಲಗ್ ವೈರ್ ಕಿತ್ತು ಅದಕ್ಕೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಇಂಜಿನ್‌ಗೆ ತಾಗುವಂತೆ ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿಯಿರಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಜೊತೆಗಿದ್ದವರು ಸೆಲ್ಫ್ ಹೊಡೆಯಲಿ. ಪೆಟ್ರೋಲ್ ಸೋರುತ್ತಿದ್ದರೆ, ವಾಸನೆ ಜಾಸ್ತಿ ಇದ್ದರೆ ಈ ಪರೀಕ್ಷೆ ಬೇಡವೇ ಬೇಡ. ನೀಲಿ ಕಿಡಿ ಚಟಚಟ ಎಂದರೆ ಕರೆಂಟ್ ಸರಿ ಇದೆ. ಕಿಡಿ ಇಲ್ಲ, ಅಥವಾ ಹಳದಿಯಾಗಿ ಮಿಣುಕುತ್ತಿದೆ ಎಂದರೆ ಕಾಯಿಲ್ (ಕಿಡಿಗೆ ಬೇಕಾದ ಜೋರು ಕರೆಂಟ್ ಮಾಡುವ ಭಾಗ) ಅಥವಾ ಡಿಸ್ಟ್ರಿಬ್ಯೂಟರ್ (ಅದನ್ನು ಪ್ಲಗ್ಗುಗಳಿಗೆ ಹಂಚುವ ಭಾಗ) ಒಳಗಿನ ದೋಷ.

ಕಾಯಿಲ್ ಒಳಗೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಸಾವಿರಾರು ಸುತ್ತು ಇರುತ್ತೆ. ಎಲ್ಲೋ ಒಂದು ಕಡೆ ಬಿರುಕು ಬಿಟ್ಟಿದ್ದರೆ, ತಣ್ಣಗಿದ್ದಾಗ ಎರಡು ತುದಿ ತಾಗಿಕೊಂಡಿರುತ್ತವೆ. ಬಿಸಿಗೆ ಹಿಗ್ಗಿದಾಗ ದೂರವಾಗುತ್ತವೆ, ಆರಿದಾಗ ಮತ್ತೆ ಕೂಡುತ್ತವೆ. ಅದಕ್ಕೇ ಆ ಅರ್ಧ ಗಂಟೆ. ನನ್ನ ಗಾಡಿ ಲಿಂಗಸುಗೂರು ರಸ್ತೆಯಲ್ಲಿ ಹೀಗೇ ಮೂರು ಸಲ ನಿಂತಿತ್ತು. ಪಂಪ್ ಬದಲಿಸಿದರು, ಫಿಲ್ಟರ್ ಬದಲಿಸಿದರು. ನಾಲ್ಕನೇ ಸಲ ಚಾವಿ ಆಫ್ ಮಾಡಿ, ಹಿಂಡಿದ ಒದ್ದೆ ಬಟ್ಟೆಯನ್ನು ಕಾಯಿಲ್‌ಗೆ ಸುತ್ತಿ ಐದು ನಿಮಿಷ ಕಾದೆ. ಒಂದೇ ಸೆಲ್ಫ್‌ಗೆ ಎದ್ದಿತು. ಹೊಸ ಕಾಯಿಲ್ ಹಾಕಿದ ಮೇಲೆ ಮತ್ತೆ ನಿಂತಿಲ್ಲ. ಡಿಸ್ಟ್ರಿಬ್ಯೂಟರ್ ಕ್ಯಾಪಿಗೆ ಮಾತ್ರ ನೀರು ತಾಗಿಸಬೇಡಿ, ಆಗ ಅದೇ ಹೊಸ ರೋಗವಾಗುತ್ತೆ.

ಕಿಡಿ ಚೆನ್ನಾಗಿದ್ದರೆ ಏರ್ ಫಿಲ್ಟರ್ ಮುಚ್ಚಳ ತೆಗೆದು ಕಾರ್ಬ್ಯುರೇಟರ್ ಬಾಯಿಯೊಳಗೆ ನೋಡಿ. ಇಂಜಿನ್ ಆಫ್ ಇರಲಿ. ಎಕ್ಸಲರೇಟರ್ ಲಿವರ್ ಕೈಯಿಂದ ತಿರುಗಿಸಿದರೆ ಪೆಟ್ರೋಲ್ ಪಿಚಕಾರಿಯಂತೆ ಚಿಮ್ಮಬೇಕು. ಒಣಗಿದ್ದರೆ ಪೆಟ್ರೋಲ್ ಬಂದಿಲ್ಲ. ನಿಮ್ಮ ಗಾಡಿಯ ಪಂಪ್ ಇಂಜಿನ್ನಿಗೇ ಅಂಟಿಕೊಂಡಿರುತ್ತೆ, ಅದರ ಬಿಸಿಯನ್ನೆಲ್ಲ ತಿನ್ನುತ್ತೆ. ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ, ಬಾನೆಟ್ ಕೆಳಗೆ ಕೇಳಬೇಕಾ? ಪೈಪಿನಲ್ಲೇ ಪೆಟ್ರೋಲ್ ಕುದ್ದು ಆವಿಯಾಗುತ್ತೆ, ಪಂಪ್ ಆವಿಯನ್ನು ತಳ್ಳಲಾರದೆ ಸೋಲುತ್ತೆ. ಒದ್ದೆ ಬಟ್ಟೆಯನ್ನು ಪಂಪಿಗೆ ಹಾಕಿದಾಗ ಗಾಡಿ ಎದ್ದರೆ ಇದೇ ಕಾರಣ. ಆಗ ಪಂಪಿನ ಹಾಗೂ ಕಾರ್ಬ್ಯುರೇಟರಿನ ಕೆಳಗಿನ ದಪ್ಪ ಪ್ಯಾಕಿಂಗ್ ಇದೆಯಾ ಎಂದು ಕೇಳಿ. ಬಿಸಿ ತಡೆಯೋದೇ ಅದರ ಕೆಲಸ, ಬಿಚ್ಚಿ ಜೋಡಿಸುವಾಗ ಬಿಟ್ಟುಹೋಗೋದೂ ಅದೇ. ರಬ್ಬರ್ ಪೈಪುಗಳನ್ನೂ ಬಗ್ಗಿಸಿ ನೋಡಿ. ಈಗ ಬಂಕಿನಲ್ಲಿ ಸಿಗೋದು ಶೇಕಡ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. 1997ರ ರಬ್ಬರನ್ನು ಅದಕ್ಕಾಗಿ ಮಾಡಿರಲಿಲ್ಲ. ಮೆತ್ತಗಾಗಿದ್ದರೆ, ಬಿರುಕಿದ್ದರೆ ಎಲ್ಲವನ್ನೂ ಬದಲಿಸಿ. ಇದರಲ್ಲಿ ಉಳಿತಾಯ ನೋಡಬೇಡಿ, ಬೆಂಕಿಯ ವಿಷಯ.

ಓಡುವಾಗ ಸರಿ ಇದ್ದು, ಚಹಾಕ್ಕೆ ನಿಲ್ಲಿಸಿ ಬಂದಾಗ ಮಾತ್ರ ಸ್ಟಾರ್ಟ್ ಆಗದಿದ್ದರೆ ಬಿಸಿಗೆ ಪೆಟ್ರೋಲ್ ಉಕ್ಕಿ ಒಳಗೆ ತುಂಬಿರುತ್ತೆ. ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಸುಮ್ನೆ ಮತ್ತೆ ಮತ್ತೆ ತುಳಿಯಬೇಡಿ.

ಕಾರ್ಬ್ಯುರೇಟರ್ ಇಲ್ಲದ, ಇಂಜೆಕ್ಷನ್ ಇಂಜಿನ್ನಿನ ಹಳೇ ಕಾರು ಇರುವವರಿಗೂ ಒಂದು ಮಾತು. ಅಲ್ಲಿ ಬಿಸಿಗೆ ಕೈಕೊಡುವುದು ಹೆಚ್ಚಾಗಿ ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಗುರುತಿಸುವ ಭಾಗ) ಅಥವಾ ಟ್ಯಾಂಕಿನೊಳಗಿನ ಪಂಪ್. ಗಾಡಿ ನಿಂತಾಗ ಚಾವಿ ಆನ್ ಮಾಡಿ ಹಿಂದಿನ ಸೀಟಿನ ಕಡೆ ಕಿವಿ ಕೊಡಿ. ಎರಡು ಸೆಕೆಂಡ್ ಗುಂಯ್ ಎನ್ನದಿದ್ದರೆ ಪಂಪ್ ಕಡೆ, ಅದರ ರಿಲೇ, ಫ್ಯೂಸ್ ಕಡೆ ನೋಡಿ.

ಮುಂದಿನ ಸಲ ನಿಂತಾಗ ಕಿಡಿ ಇತ್ತಾ, ಪೆಟ್ರೋಲ್ ಚಿಮ್ಮಿತಾ, ಯಾವುದಕ್ಕೆ ಒದ್ದೆ ಬಟ್ಟೆ ಹಾಕಿದಾಗ ಎದ್ದಿತು ಎಂದು ಅಲ್ಲೇ ಬರೆದುಕೊಳ್ಳಿ. ಆ ಚೀಟಿಯನ್ನು ಮಿಸ್ತ್ರಿ ಕೈಗೆ ಕೊಡಿ.