ನೋವು ನಿಂತ ಹಲ್ಲು

ಬದಿಯಡ್ಕದ ನಮ್ಮ ಮಾವ ಮೂರು ರಾತ್ರಿ ಜಗಲಿಯ ಆರಾಮಕುರ್ಚಿಯಲ್ಲಿ ಕುಳಿತೇ ಬೆಳಗು ಮಾಡಿದರು. ಮಲಗಿದರೆ ಕೆಳದವಡೆಯಲ್ಲಿ ಚೆಂಡೆ ಬಾರಿಸಿದಂತಾಗುತ್ತಿತ್ತು. ಬಿಸಿ ಗಂಜಿ ತಾಗಿದರೆ ಪ್ರಾಣಸಂಕಟ. ಬಾವಿಯ ತಣ್ಣೀರನ್ನು ಬಾಯಿತುಂಬ ಹಿಡಿದುಕೊಂಡರೆ ಮಾತ್ರ ತುಸು ಸಮಾಧಾನ. ನಾಲ್ಕನೆಯ ದಿನ ನೋವು ತಾನಾಗಿಯೇ ನಿಂತಿತು. "ಲವಂಗದ ಎಣ್ಣೆಗೆ ಹುಳ ಸತ್ತಿತು" ಎಂದು ಅಡಿಕೆ ತೋಟಕ್ಕೆ ಮದ್ದು ಬಿಡಿಸಲು ಹೊರಟರು.

ಸತ್ತದ್ದೇನೋ ನಿಜ. ಸತ್ತದ್ದು ಹಲ್ಲಿನೊಳಗಿನ ಜೀವ.

'ಹುಳುಕು' ಎಂಬ ಮಾತಿನೊಳಗೇ ಹುಳ ಕುಳಿತಿದೆ, ಆದ್ದರಿಂದ ಆ ನಂಬಿಕೆ ಸುಲಭಕ್ಕೆ ಹೋಗದು. ಹಲ್ಲನ್ನು ಕೊರೆಯುವುದು ಆಮ್ಲ. ಹಲ್ಲಿಗಂಟಿದ ಲೋಳೆಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆ, ಬೆಲ್ಲವನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಆಮ್ಲ ಹೆಚ್ಚಿದಂತೆ ಇಳಿಯುವ ಪಿಎಚ್ ಅಳತೆ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಕರಗತೊಡಗುತ್ತದೆ. ಕಳೆದುಹೋದ ಖನಿಜವನ್ನು ಎಂಜಲು ಮತ್ತೆ ತುಂಬಿಕೊಡುತ್ತದೆ, ಆದರೆ ಅದಕ್ಕೆ ಬಿಡುವು ಬೇಕು. ಊಟದ ಜೊತೆ ಎರಡು ಹೋಳಿಗೆ ತಿಂದು ಮುಗಿಸುವವರಿಗಿಂತ ದಿನವಿಡೀ ಸಿಹಿ ಚಹಾ ಹೀರುವವರಿಗೆ ಅಪಾಯ ಹೆಚ್ಚು. ಎಲೆಯಡಿಕೆ ಜಗಿದರೆ ಹಲ್ಲು ಗಟ್ಟಿ ಎಂಬ ವಾದವನ್ನಂತೂ, ಅಡಿಕೆಯ ಅನ್ನ ಉಂಡವನಾದರೂ, ನಾನು ಒಪ್ಪಲಾರೆ. ಅಡಿಕೆ ಹಲ್ಲನ್ನು ಸವೆಸುತ್ತದೆ. ಬಾಯಿಯ ಕ್ಯಾನ್ಸರಿಗೂ ಕಾರಣವಾಗುತ್ತದೆ.

ಎನಾಮೆಲ್‌ಗೆ ನರವಿಲ್ಲ, ಆದ್ದರಿಂದ ಅಲ್ಲಿ ತೂತು ಬಿದ್ದರೂ ತಿಳಿಯುವುದಿಲ್ಲ. ಅದರಡಿಯ ಡೆಂಟಿನ್‌ನಲ್ಲಿ ದ್ರವ ತುಂಬಿದ ಅತಿಸೂಕ್ಷ್ಮ ನಳಿಗೆಗಳಿವೆ. ತಣ್ಣಗಿನದು ತಾಗಿದಾಗ ಆ ದ್ರವ ಕದಲಿ ಹಲ್ಲು ಜುಮ್ಮೆನ್ನುತ್ತದೆ. ಕ್ಷಣದಲ್ಲಿ ಹೋಗುವ ನೋವಾದರೆ ಸಾಮಾನ್ಯವಾಗಿ ಹುಳುಕು ಕೆರೆದು ಫಿಲ್ಲಿಂಗ್ ಹಾಕಿದರೆ ಸಾಕು.

ಸೋಂಕು ನಡುವಿನ ತಿರುಳಾದ ಪಲ್ಪ್‌ಗೆ ಇಳಿದರೆ ಕಥೆ ಬೇರೆ. ಬೆರಳಿಗೆ ಕುರುವಾದರೆ ಚರ್ಮ ಉಬ್ಬಿ ಜಾಗ ಕೊಡುತ್ತದೆ. ನರ, ರಕ್ತನಾಳಗಳ ಈ ಮೆತ್ತನೆಯ ಎಳೆಗೆ ಸುತ್ತಲೂ ಕಲ್ಲಿನ ಗೋಡೆ. ಬಾತರೆ ಒತ್ತಡ ಏರುವುದೊಂದೇ ದಾರಿ. ಮಲಗಿದಾಗ ತಲೆಯ ಕಡೆಗೆ ರಕ್ತದೊತ್ತಡ ಹೆಚ್ಚಿ ಪ್ರತಿ ನಾಡಿಮಿಡಿತವೂ ಬಡಿಯುತ್ತದೆ. ಪಲ್ಪ್‌ನ ನರಗಳಿಗೆ ನೋವು ಹೇಳಲು ಬರುತ್ತದೆ, ವಿಳಾಸ ಹೇಳಲು ಬರುವುದಿಲ್ಲ: ಮಾವ ತೋರಿಸುತ್ತಿದ್ದುದು ಪಕ್ಕದ ಹಲ್ಲನ್ನು. ಕೊನೆಗೆ ನರವೇ ಸತ್ತಾಗ ನೋವು ನಿಲ್ಲುತ್ತದೆ, ಸೋಂಕು ಬೇರಿನ ತುದಿಯಿಂದ ಎಲುಬಿಗೆ ಇಳಿಯುತ್ತದೆ.

ತೋಟಕ್ಕೆ ಎರಡನೆಯ ಸಲ ಬೋರ್ಡೋ ಮದ್ದು ಬಿಡುವ ಹೊತ್ತಿಗೆ ಮಾವನ ಕೆನ್ನೆ ಬಾತಿತು. ಮೆಡಿಕಲ್ ಅಂಗಡಿಯ ಆಂಟಿಬಯಾಟಿಕ್ ಕೆಲಸ ಮಾಡಲಿಲ್ಲ. ಸತ್ತ ಪಲ್ಪ್‌ಗೆ ರಕ್ತವೇ ಹರಿಯುವುದಿಲ್ಲ, ಮದ್ದು ತಲುಪುವುದೆಲ್ಲಿಂದ? ಕಾಸರಗೋಡಿನ ದಂತವೈದ್ಯರು ಹಲ್ಲು ತೆರೆದು ಕೀವಿಗೆ ದಾರಿ ಮಾಡಿದ ಮೇಲೆಯೇ ಆರಾಮ. ಇದೇ ರೂಟ್ ಕೆನಾಲ್: ಕೂದಲೆಳೆಯಂಥ ಅರಗಳಿಂದ ಬೇರಿನ ನಾಳ ಕೆರೆದು, ಸೋಡಿಯಂ ಹೈಪೋಕ್ಲೋರೈಟ್‌ನಿಂದ ತೊಳೆದು, ಗಟ್ಟಾಪರ್ಚಾ ತುಂಬಿ, ಮೇಲೆ ಕ್ಯಾಪ್ ಕೂರಿಸುವುದು. ಗಟ್ಟಾಪರ್ಚಾ ಮರದ ಹಾಲಿನಿಂದ ಬರುವ, ರಬ್ಬರಿನ ನೆಂಟ ವಸ್ತು ಎಂದಾಗ ಮಾವ, "ಅಂತೂ ರಬ್ಬರಿಗೆ ಒಳ್ಳೆಯ ದರ ಬಂತು" ಎಂದರು.

ಎಕ್ಸ್‌ರೇಯಲ್ಲಿ ಇನ್ನೊಂದು ಹಲ್ಲಿನಲ್ಲೂ ಸಣ್ಣ ಕಪ್ಪು ನೆರಳಿತ್ತು. ಈಗಲೇ ಫಿಲ್ಲಿಂಗ್ ಹಾಕಿಸಿಕೊಳ್ಳಿ ಎಂದರು ವೈದ್ಯರು. "ನೋಯದ ಹಲ್ಲಿಗೆ ಮದ್ದೇಕೆ ಡಾಕ್ಟರೇ?" ಎಂದರು ಮಾವ. ಕೊಳೆರೋಗ ಬರುವ ಮೊದಲೇ ಇಡೀ ತೋಟಕ್ಕೆ ಎರಡು ಸಲ ಮದ್ದು ಬಿಡಿಸಿ ಬಂದಿದ್ದರು.