ಸನ್‌ಪೈ ಟಿಪ್ಪಣಿ: ಸೌರಜ್ವಾಲೆಯ ಚಿತ್ರ ಇಳಿಸಿ ಹೊಳಪು ಅಳೆಯುವುದು

ಸನ್‌ಪೈ ಎಂದರೆ ಸೂರ್ಯನ ಡೇಟಾಕ್ಕಾಗಿ ಇರುವ ಪೈಥಾನ್ ಲೈಬ್ರರಿ. ಉದಾಹರಣೆಗೆ 2011ರ ಫೆಬ್ರವರಿ 15ರ ಎಕ್ಸ್2.2 ಜ್ವಾಲೆ ಇರಲಿ (ಎಕ್ಸ್ ಎಂದರೆ ಅತಿ ಪ್ರಬಲ ವರ್ಗ). ಸೂರ್ಯನನ್ನು ವೀಕ್ಷಿಸುವ ನಾಸಾದ ಎಸ್‌ಡಿಒ ನೌಕೆಯ ಎಐಎ ಎಂಬ ಕ್ಯಾಮೆರಾ ಉಪಕರಣ ತೆಗೆದ ಅದರ ಚಿತ್ರಗಳು ಯಾರಿಗೂ ಉಚಿತ.

ಬರೀ ಸನ್‌ಪೈ ಇನ್‌ಸ್ಟಾಲ್ ಮಾಡಿದರೆ ತಿರುಳು ಮಾತ್ರ ಬರುತ್ತದೆ. ಹೆಸರಿನ ಮುಂದೆ ಚೌಕ ಆವರಣದಲ್ಲಿ ‘ಆಲ್’ ಸೇರಿಸಿ. ಜೊತೆಗೆ ಎಐಎ ಚಿತ್ರಗಳನ್ನು ತಿದ್ದುವ ಲೈಬ್ರರಿ ಎಐಎಪೈ ಬೇಕು.

ಹುಡುಕಲು ಸನ್‌ಪೈನ ಹುಡುಕಿ ಇಳಿಸುವ ಸಾಧನ ಫಿಡೋಗೆ ಸಮಯ, ಉಪಕರಣ, ತರಂಗಾಂತರ ಕೊಡಿ. 171 ಎಂದಷ್ಟೇ ಬರೆದರೆ ಎರರ್; ತರಂಗಾಂತರದ ಮಾನವಾದ ಆಸ್ಟ್ರೋಪೈ ಯೂನಿಟ್ಸ್‌ನ ಆಂಗ್‌ಸ್ಟ್ರಾಮ್‌ನಿಂದ ಗುಣಿಸಿಯೇ ಕೊಡಬೇಕು. ಸಮಯ ಯುಟಿಸಿಯಲ್ಲಿ (ಜಾಗತಿಕ ಸಮಯ). ಜ್ವಾಲೆಯ ತುದಿ 01:56ಕ್ಕೆ, ಆದ್ದರಿಂದ 01:40ರಿಂದ 02:10 ಸಾಕು. 12 ಸೆಕೆಂಡಿಗೊಂದರಂತೆ ಸುಮಾರು 150 ಚಿತ್ರ. ಎಷ್ಟು ಸಮಯಕ್ಕೊಂದು ಚಿತ್ರ ಎಂದು ಹೇಳುವ ‘ಸ್ಯಾಂಪಲ್’ಗೆ ಒಂದು ನಿಮಿಷ ಕೊಟ್ಟರೆ 30ರ ಆಸುಪಾಸು. ಫೆಚ್ (ಇಳಿಸುವ ಆಜ್ಞೆ) ಮುಗಿದ ಮೇಲೆ ಫಲಿತಾಂಶದ ‘ಎರರ್ಸ್’ ನೋಡಿ. ಅಲ್ಲಿ ಏನಾದರೂ ಇದ್ದರೆ ಅದೇ ಫಲಿತಾಂಶವನ್ನು ಮತ್ತೆ ಫೆಚ್‌ಗೆ ಕೊಡಿ. ತಪ್ಪಿಹೋದ ಫೈಲುಗಳನ್ನಷ್ಟೇ ಮರಳಿ ತರುತ್ತದೆ.

ಚಿತ್ರ ಪ್ರತಿಯೊಂದೂ 4096 × 4096 ಪಿಕ್ಸೆಲ್. ಮೆಮೊರಿಯಲ್ಲಿ 32 ಬಿಟ್‌ನಂತೆ ಇಟ್ಟರೂ 64 ಎಂಬಿ. ಎಲ್ಲವನ್ನೂ ಒಟ್ಟಿಗೆ ತೆರೆಯುವ ಆಸೆ ಬೇಡ, ಲೂಪ್‌ನಲ್ಲಿ ಒಂದೊಂದಾಗಿ ಓದಿ.

ಈಗ ಎಲ್ಲರೂ ಎಡವುವ ಜಾಗ. ಜ್ವಾಲೆ ಜೋರಾದಾಗ ಎಐಎ ತಾನಾಗಿಯೇ ಎಕ್ಸ್‌ಪೋಶರ್ (ಬೆಳಕು ಹಿಡಿಯುವ ಅವಧಿ) ಕಡಿಮೆ ಮಾಡುತ್ತದೆ, ಅದೂ ಒಂದು ಬಿಟ್ಟು ಒಂದು ಚಿತ್ರಕ್ಕೆ. ಕಚ್ಚಾ ಅಂಕಿಗಳನ್ನು ಕೂಡಿಸಿ ಗ್ರಾಫ್ ಹಾಕಿದರೆ ಗರಗಸದ ಹಲ್ಲಿನಂತೆ ಏರಿಳಿತ ಕಾಣುತ್ತದೆ. ಇದನ್ನು ಸೂರ್ಯನ ಮಿಡಿತ ಎಂದುಕೊಂಡು ಸಂಭ್ರಮಿಸಬೇಡಿ! ಪ್ರತಿ ಮ್ಯಾಪನ್ನೂ (ಸನ್‌ಪೈ ಓದಿದ ಚಿತ್ರ) ಅದರದೇ ‘ಎಕ್ಸ್‌ಪೋಶರ್_ಟೈಮ್’ನಿಂದ ಭಾಗಿಸಿ. ಆದರೆ 16383 ಮುಟ್ಟಿದ ಪಿಕ್ಸೆಲ್‌ಗಳು ಸ್ಯಾಚುರೇಟ್ ಆಗಿವೆ, ಅಂದರೆ ಅಳತೆಯ ಮಿತಿ ತಲುಪಿವೆ. ಭಾಗಾಕಾರ ಅವನ್ನು ಉಳಿಸದು. ಭಾಗಿಸುವ ಮೊದಲೇ ಅವನ್ನು ಗುರುತಿಸಿಡಿ.

ಕ್ರಮ ಮುಖ್ಯ: ಮೊದಲು ‘ಅಪ್‌ಡೇಟ್_ಪಾಯಿಂಟಿಂಗ್’ (ಉಪಕರಣದ ಗುರಿಯ ಮಾಹಿತಿ ತಿದ್ದಲು), ಆಮೇಲೆ ‘ರಿಜಿಸ್ಟರ್’ (ಚಿತ್ರಗಳನ್ನು ಒಂದೇ ಅಳತೆ, ದಿಕ್ಕಿಗೆ ತರಲು), ಕೊನೆಗೆ ‘ಸಬ್‌ಮ್ಯಾಪ್’ (ಬೇಕಾದ ಭಾಗ ಕತ್ತರಿಸಲು). ರಿಜಿಸ್ಟರ್‌ಗೆ ಪೂರ್ಣ ಬಿಂಬ ಬೇಕು, ಹಾಗಾಗಿ ಮೊದಲೇ ಕತ್ತರಿಸುವಂತಿಲ್ಲ. ಉಪಕರಣದ ಸವೆತದ ತಿದ್ದುಪಡಿ ಅರ್ಧ ಗಂಟೆಯ ಕೆಲಸಕ್ಕೆ ಬೇಕಿಲ್ಲ, ಬೇರೆ ಬೇರೆ ವರ್ಷಗಳನ್ನು ಹೋಲಿಸುವಾಗ ಬಿಡುವಂತಿಲ್ಲ; 304 ಆಂಗ್‌ಸ್ಟ್ರಾಮ್ ತರಂಗಾಂತರದಲ್ಲಂತೂ ಸವೆತ ವಿಪರೀತ.

ಕತ್ತರಿಸುವಾಗ ಸ್ಥಾನ ಸೂಚಿಸುವ ಆಸ್ಟ್ರೋಪೈನ ಸ್ಕೈಕೋಆರ್ಡ್‌ನ ಫ್ರೇಮ್ ಆಗಿ ಆಯಾ ಮ್ಯಾಪ್‌ನ ‘ಕೋಆರ್ಡಿನೇಟ್_ಫ್ರೇಮ್’ ಕೊಡಿ. ಬಿಂಬದ ನಡುಭಾಗ ಗಂಟೆಗೆ ಸುಮಾರು 9 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಭಾಗ) ಪಶ್ಚಿಮಕ್ಕೆ ಸರಿಯುತ್ತದೆ. ಪಿಕ್ಸೆಲ್‌ಗೆ 0.6 ಆರ್ಕ್‌ಸೆಕೆಂಡ್ ಎಂದರೆ ನಮ್ಮ ಅರ್ಧ ಗಂಟೆಯಲ್ಲಿ ಏಳೆಂಟು ಪಿಕ್ಸೆಲ್. ಚೌಕಟ್ಟನ್ನು ಸುತ್ತಲೂ 20 ಆರ್ಕ್‌ಸೆಕೆಂಡ್ ಸಡಿಲ ಬಿಟ್ಟರೆ ಆಯಿತು. ದಿನಗಟ್ಟಲೆಯ ಡೇಟಾಕ್ಕೆ ಮಾತ್ರ ಸೂರ್ಯನ ಭ್ರಮಣೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.